ಟಿಡಿಎಸ್ ಮೀಟರ್ ಕೊಳ್ಳುವ ಮೊದಲು ಒಂದು ಬಕೆಟ್ ಹಿಡಿಯಿರಿ: ನಿಮ್ಮೂರ ಹಳ್ಳ, ಕೆರೆ, ಬಾವಿಯ ನೀರನ್ನು ಅಳೆಯುವ ಕ್ರಮ

ನೀರಿನ ಬಗ್ಗೆ ಆಸಕ್ತಿ ಹುಟ್ಟಿದವರು ಮೊದಲು ಮಾಡುವ ಕೆಲಸ ಒಂದೇ, ಆನ್‌ಲೈನಲ್ಲಿ ಟಿಡಿಎಸ್ ಮೀಟರ್, ಅಂದರೆ ನೀರಿನಲ್ಲಿ ಕರಗಿರುವ ಲವಣಗಳನ್ನು ಲೀಟರಿಗೆ ಇಷ್ಟು ಮಿ.ಗ್ರಾಂ. ಅಂತ ತೋರಿಸುವ ಸಾಧನ, ತರಿಸುವುದು. ಆಮೇಲೆ ಆ ಪೆನ್ನಿನಂಥ ಸಾಧನವನ್ನು ಮನೆಯ ನಲ್ಲಿ ನೀರು, ಪಕ್ಕದ ಮನೆಯ ಬೋರ್‌ವೆಲ್ ನೀರು, ಮದುವೆ ಮನೆಯ ಕ್ಯಾನ್ ನೀರು, ಕೊನೆಗೆ ಎಳನೀರಿಗೂ ಅದ್ದಿ, "ಇದು 340, ಚೆನ್ನಾಗಿದೆ, ಅದು 900, ಮುಟ್ಟಬೇಡಿ" ಅಂತ ತೀರ್ಪು ಕೊಟ್ಟುಬಿಡುತ್ತಾರೆ. ನಾನೂ ಹಾಗೇ ಶುರು ಮಾಡಿದವನು. ಆದ್ದರಿಂದ ಬೈಯುವ ಹಕ್ಕು ನನಗೆ ಸ್ವಲ್ಪ ಇದೆ.

ಒಂದು ಲೆಕ್ಕ ನೋಡಿ. ಮಳೆಗಾಲದಲ್ಲಿ ಒಂದು ಹಳ್ಳದಲ್ಲಿ ಸೆಕೆಂಡಿಗೆ 134 ಲೀಟರ್ ನೀರು ಹರಿಯುತ್ತಿದೆ, ಟಿಡಿಎಸ್ 300 ಅಂತಿಟ್ಟುಕೊಳ್ಳಿ. ಊರಿನ ಚರಂಡಿಯಿಂದ ಸೆಕೆಂಡಿಗೆ 5 ಲೀಟರ್ ಕೊಳಚೆ, ಟಿಡಿಎಸ್ 1500, ಅದಕ್ಕೆ ಸೇರುತ್ತದೆ. ಎರಡೂ ಬೆರೆತ ಮೇಲೆ ಮೀಟರ್ ಸುಮಾರು 340 ತೋರಿಸುತ್ತದೆ. ಅದೇ ಹಳ್ಳ ಫೆಬ್ರವರಿಯಲ್ಲಿ 5 ಲೀಟರಿಗೆ ಇಳಿದಾಗ, ಅದೇ ಚರಂಡಿ ಅಷ್ಟೇ ಕೊಳಚೆ ಬಿಟ್ಟರೆ, ಮೀಟರ್ 900 ಅನ್ನುತ್ತದೆ. ಚರಂಡಿ ಬದಲಾಗಿಲ್ಲ, ಊರಿನವರೂ ಬದಲಾಗಿಲ್ಲ. ಬದಲಾಗಿದ್ದು ಹರಿವು ಮಾತ್ರ. ಹರಿವು ಬರೆಯದೆ ಬರೀ 340, 900 ಅಂತ ಬರೆದುಕೊಂಡವನಿಗೆ ಮಳೆಗಾಲದಲ್ಲಿ ಹಳ್ಳ ಚೊಕ್ಕಟವಾಗಿತ್ತು, ಬೇಸಿಗೆಯಲ್ಲಿ ಯಾರೋ ಕೆಡಿಸಿದರು ಅಂತಲೇ ಅನಿಸುತ್ತದೆ.

ಹಾಗಾಗಿ ಈ ಲೇಖನದ ಕ್ರಮ ಹೀಗಿದೆ: ಮೊದಲು ನೀರು ಎಷ್ಟು, ಆಮೇಲೆ ನೀರು ಹೇಗಿದೆ. ಹೈಸ್ಕೂಲ್ ಮೇಷ್ಟ್ರು, ಡಿಗ್ರಿ ವಿದ್ಯಾರ್ಥಿಗಳು, ಊರಿನ ಕೆರೆ ಬಗ್ಗೆ ತಲೆ ಕೆಡಿಸಿಕೊಂಡಿರುವವರು, ಯಾರು ಬೇಕಾದರೂ ಮಾಡಬಹುದು. ಮೊದಲ ಅರ್ಧಕ್ಕೆ ಬಕೆಟ್, ಟೇಪು, ದಾರ, ಫೋನಿನ ಸ್ಟಾಪ್‌ವಾಚ್ ಸಾಕು.

ಮೊದಲು ನಡೆಯಿರಿ

ಯಾವ ಹಳ್ಳವನ್ನು ಅಥವಾ ಕೆರೆಯನ್ನು ಅಭ್ಯಾಸ ಮಾಡುತ್ತೀರೋ ಅದಕ್ಕೆ ನೀರು ಎಲ್ಲಿಂದ ಬರುತ್ತದೆ ಅನ್ನುವುದು ಮೊದಲ ಪ್ರಶ್ನೆ. ಪುಸ್ತಕದಲ್ಲಿ ಇದನ್ನು ಜಲಾನಯನ ಪ್ರದೇಶ ಅನ್ನುತ್ತಾರೆ. ಮಳೆ ಬಿದ್ದಾಗ ಯಾವ ಯಾವ ಜಾಗದ ನೀರು ಕೊನೆಗೆ ನೀವು ನಿಂತಿರುವ ಜಾಗಕ್ಕೆ ಬರುತ್ತದೋ ಅಷ್ಟೂ ಜಾಗ ನಿಮ್ಮ ಹಳ್ಳದ್ದು.

ಇದನ್ನು ಕಲಿಯುವುದಕ್ಕೆ ತುಮಕೂರಿನ ಪಕ್ಕದ ದೇವರಾಯನದುರ್ಗದಂಥ ಜಾಗ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಈ ಬೆಟ್ಟದ ಸಾಲಿನಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ಕಡೆ ಬಡಗಣಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ, ಆ ನೀರು ಆಂಧ್ರದ ನೆಲ್ಲೂರಿನ ಕಡೆ ಸಮುದ್ರಕ್ಕೆ ಹೋಗಬೇಕು. ಇದೇ ಬೆಟ್ಟದ ಇನ್ನೊಂದು ಮಗ್ಗುಲಿನಲ್ಲಿ ಹುಟ್ಟುವ ಶಿಂಷಾ ತೆಂಕಣಕ್ಕೆ ಹೋಗಿ ಕಾವೇರಿಗೆ ಸೇರುತ್ತದೆ. ಬೆಟ್ಟದ ಮೇಲೆ ನಿಂತು ಎರಡೂ ಕಡೆ ತೋರಿಸಿದರೆ ಮಕ್ಕಳಿಗೆ ನಕ್ಷೆಯ ಗೆರೆ ತಾನಾಗೇ ಅರ್ಥವಾಗುತ್ತದೆ. ಕೆಳಗೆ ನಾಮದ ಚಿಲುಮೆ ಇದೆ, ಬಂಡೆಯಿಂದ ಬರುವ ಒರತೆ. ಅಂತರ್ಜಲ ಹೊರಗೆ ಬರುವುದನ್ನು ಕಣ್ಣಾರೆ ನೋಡಬಹುದು. ಆದರೆ ಅದು ಅರಣ್ಯ ಪ್ರದೇಶ, ಮೇಲಾಗಿ ಜನ ಭಕ್ತಿಯಿಂದ ಬರುವ ಜಾಗ. ಅಲ್ಲಿ ನೋಡಿ ಬನ್ನಿ, ಬಕೆಟ್ಟು ಮೀಟರು ಹಿಡಿದುಕೊಂಡು ಹೋಗುವುದಾದರೆ ಮೊದಲು ಇಲಾಖೆಯ ಅನುಮತಿ ತಗೊಳ್ಳಿ.

ನಿಮ್ಮೂರಿನ ಜಾಗಕ್ಕೆ ಬಂದರೆ, ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆ ಸಿಕ್ಕರೆ ಒಳ್ಳೆಯದು. ಇಸ್ರೋದ ಭುವನ್, ಗೂಗಲ್ ಅರ್ಥ್ ಕೂಡ ಆಗುತ್ತದೆ. ರಾಜ್ಯದ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರಿನ ಜೊತೆಗೆ ಕೆರೆ, ಹಳ್ಳದ ಗೆರೆಗಳೂ ಕಾಣುತ್ತವೆ. ನಕ್ಷೆಯಲ್ಲಿ ಹಳ್ಳ ಇದ್ದು, ನೆಲದ ಮೇಲೆ ಹೋದರೆ ಅಲ್ಲಿ ಕಾಂಪೌಂಡ್ ಗೋಡೆ ಇರುವುದೂ ಉಂಟು. ಅದನ್ನೂ ಬರೆದುಕೊಳ್ಳಿ. ಒಂದು ಜೋರು ಮಳೆ ನಿಂತ ತಕ್ಷಣ ಛತ್ರಿ ಹಿಡಿದು ಹೊರಟರೆ ನಕ್ಷೆ ತೋರಿಸದ ಸಂಗತಿಗಳೂ ಕಾಣುತ್ತವೆ. ರಸ್ತೆಯ ಮೋರಿ ಯಾವ ಕಡೆ ನೀರು ತಿರುಗಿಸುತ್ತಿದೆ, ಯಾರ ಹೊಲದ ಬದು ಒಡೆದಿದೆ, ಕೆಂಪು ನೀರು ಯಾವ ಕಡೆಯಿಂದ ಬರುತ್ತಿದೆ ಅನ್ನುವುದೆಲ್ಲ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.

ಊರಿನಲ್ಲಿ ಹಿಂದೆ ನೀರಗಂಟಿ ಕೆಲಸ (ಕೆರೆಯ ನೀರನ್ನು ಗದ್ದೆಗಳಿಗೆ ಬಿಡುವ ಕೆಲಸ) ಮಾಡಿದವರು ಅಥವಾ ಅವರ ಮಕ್ಕಳು ಇದ್ದರೆ ಅವರ ಹತ್ತಿರ ಒಂದು ಸಂಜೆ ಕೂತುಬಿಡಿ. "ಕೆರೆ ಕೊನೇ ಸಲ ಕೋಡಿ ಬಿದ್ದಿದ್ದು ಯಾವಾಗ, ತೂಬು ಎಷ್ಟು ದಿನ ಬಿಡ್ತಿದ್ರಿ, ಅಚ್ಚುಕಟ್ಟಿನಲ್ಲಿ ಎಷ್ಟು ಎಕರೆ ಭತ್ತ ಆಗ್ತಿತ್ತು" ಅಂತ ಕೇಳಿ. ಪಾವಗಡ, ಮಧುಗಿರಿ, ಸಿರಾ ಕಡೆಯವರಾದರೆ ತಲಪರಿಗೆ ಎಲ್ಲೆಲ್ಲಿತ್ತು ಅಂತ ಮರೆಯದೆ ಕೇಳಿ. ಹೊಳೆ ಮರಳಿನಲ್ಲಿ, ಕೆರೆಯ ಕೆಳಗೆ ತಾನಾಗೇ ಉಕ್ಕುತ್ತಿದ್ದ ಆ ಒರತೆಗಳು ಯಾವಾಗ ಬತ್ತಿದವು ಅನ್ನುವುದು ಆ ಊರಿನ ಅಂತರ್ಜಲದ ಇತಿಹಾಸವೇ.

ಇಳಿಯುವ ಮೊದಲು ನಾಲ್ಕು ಮಾತು

ಇದನ್ನು ಕೊನೆಯಲ್ಲಿ ಹಾಕಿದರೆ ಯಾರೂ ಓದುವುದಿಲ್ಲ, ಅದಕ್ಕೇ ಇಲ್ಲಿ. ಒಬ್ಬರೇ ಹೋಗಬೇಡಿ. ಮೊಣಕಾಲಿಗಿಂತ ಆಳದ ಹರಿವಿಗೆ ಇಳಿಯಬೇಡಿ, ಬೆಟ್ಟದ ಕಡೆ ಮೋಡ ಕಟ್ಟಿದ್ದರೆ ಮೊಣಕಾಲುದ್ದಕ್ಕೂ ಇಳಿಯಬೇಡಿ. ಕೆರೆಯ ಅಂಗಳದಲ್ಲಿ ಜೆಸಿಬಿಯಿಂದ ಮಣ್ಣು ತೆಗೆದ ಗುಂಡಿಗಳಿರುತ್ತವೆ. ನೀರು ತುಂಬಿದ ಮೇಲೆ ಮೇಲಿನಿಂದ ಒಂದೇ ಸಮ ಕಾಣುತ್ತದೆ, ಒಂದು ಹೆಜ್ಜೆ ಮುಂದಿಟ್ಟರೆ ಆಳು ಮುಳುಗುತ್ತದೆ. ಈಜು ಬಂದರೂ ಹೂಳಿನಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ. ಮಕ್ಕಳನ್ನು ಕರೆದುಕೊಂಡು ಹೋದರೆ ಏರಿ, ತೂಬು, ಕೋಡಿಯ ಕಲ್ಲುಕಟ್ಟಡದ ಮೇಲಿಂದಲೇ ಕೆಲಸ ಮಾಡಿಸಿ. ಕೈಕಾಲಿನಲ್ಲಿ ಗಾಯ ಇದ್ದರೆ ಕೊಳಚೆ ನೀರು ಮುಟ್ಟಬೇಡಿ, ಇಲಿ ಜ್ವರ ಬರುವುದು ಹಾಗೆಯೇ. ಗ್ಲೌಸ್ ಹಾಕಿ, ಬಂದ ಮೇಲೆ ಸೋಪಿನಿಂದ ಕೈ ತೊಳೆದು ಆಮೇಲೆ ಬೋಂಡ ತಿನ್ನಿ.

ಮಳೆ ಅಳೆಯುವುದು

ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಸರಿಯಾಗಿ 1 ಲೀಟರ್ ನೀರು. ಇದೊಂದನ್ನು ತಲೆಯಲ್ಲಿಟ್ಟುಕೊಂಡರೆ ಮಿಕ್ಕಿದ್ದೆಲ್ಲ ಗುಣಾಕಾರ. ಒಂದು ಎಕರೆಗೆ 1 ಮಿ.ಮೀ. ಅಂದರೆ ಸುಮಾರು 4,047 ಲೀಟರ್, ಒಂದು ಚದರ ಕಿಲೋಮೀಟರಿಗೆ 10 ಲಕ್ಷ ಲೀಟರ್. ನಮ್ಮ ರೈತರ "ಹದ ಮಳೆ" ಕೂಡ ಒಂದು ಅಳತೆಯೇ. ಆದರೆ ಒಣಗಿದ ಮಣ್ಣಿಗೂ ಆಗಲೇ ನೆನೆದ ಮಣ್ಣಿಗೂ ಹದ ಬರಲು ಬೇಕಾದ ಮಳೆ ಬೇರೆ ಬೇರೆ. ಹಾಗಾಗಿ ಎರಡನ್ನೂ ಬರೆಯಿರಿ: "12 ಮಿ.ಮೀ., ಹದ ಆಗಲಿಲ್ಲ."

ಮಳೆಮಾಪಕ ಮನೆಯಲ್ಲೇ ಮಾಡಬಹುದು. 20 ಸೆಂ.ಮೀ. ಬಾಯಿಯ ಒಂದು ಪ್ಲಾಸ್ಟಿಕ್ ಆಲಿಕೆ, ಅದರ ಕೆಳಗೆ ಒಂದು ಕ್ಯಾನು. ಆ ಬಾಯಿಯ ವಿಸ್ತೀರ್ಣ 314 ಚದರ ಸೆಂ.ಮೀ., ಆದ್ದರಿಂದ ಕ್ಯಾನಿನಲ್ಲಿ ಸಿಕ್ಕ ಪ್ರತಿ 31.4 ಮಿ.ಲೀ. ನೀರು 1 ಮಿ.ಮೀ. ಮಳೆ. 157 ಮಿ.ಲೀ. ಸಿಕ್ಕರೆ 5 ಮಿ.ಮೀ. ಕೆಮ್ಮಿನ ಔಷಧಿಯ ಅಳತೆ ಮುಚ್ಚಳದಲ್ಲಿ ಅಳೆಯಲು ಹೋಗಬೇಡಿ, ಒಂದು ಅಳತೆ ಜಾಡಿ ಕೊಳ್ಳಿ. ತಳ ಉಬ್ಬಿರುವ ಕೂಲ್ ಡ್ರಿಂಕ್ಸ್ ಬಾಟಲಿಗೆ ಸ್ಕೇಲು ಅಂಟಿಸಿ ಮಾಡುವ ಮಾಪಕವನ್ನು ಶಾಲೆಗಳಲ್ಲಿ ಬಹಳ ನೋಡಿದ್ದೇನೆ. ಆ ಉಬ್ಬಿನ ಮಟ್ಟದವರೆಗೆ ಮೊದಲು ಏನಾದರೂ ತುಂಬಿಸದಿದ್ದರೆ ಸಣ್ಣ ಮಳೆಯ ಲೆಕ್ಕವೆಲ್ಲ ತಪ್ಪು.

ಇಡುವ ಜಾಗ ಮುಖ್ಯ. ಪಕ್ಕದಲ್ಲಿ 4 ಮೀಟರ್ ಎತ್ತರದ ಗೋಡೆ ಅಥವಾ ಮರ ಇದ್ದರೆ ಕಡೇಪಕ್ಷ 8 ಮೀಟರ್ ದೂರ ಇಡಿ. ದಿನವೂ ಬೆಳಿಗ್ಗೆ 8.30ಕ್ಕೆ ಓದಿ, ಏಕೆಂದರೆ ಹವಾಮಾನ ಇಲಾಖೆಯ ದಿನ ಶುರುವಾಗುವುದೂ ಆಗಲೇ, ಹೋಲಿಸಲು ಸುಲಭ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ನಿಮ್ಮ ಲೆಕ್ಕ, ಅವರ ಲೆಕ್ಕ ಪಕ್ಕಪಕ್ಕ ಬರೆದು ನೋಡಿ. ಗುಡುಗು ಮಳೆಯ ದಿನ ಎರಡು ಕಿಲೋಮೀಟರಿನಲ್ಲೇ ಅಜಗಜಾಂತರ ಇದ್ದರೆ ಗಾಬರಿಯಾಗಬೇಡಿ, ಮುಂಗಾರಿಗೆ ಮುಂಚಿನ ಮಳೆಯೇ ಹಾಗೆ, ಬದುವಿನ ಈಚೆ ಬಂದು ಆಚೆ ಬರುವುದಿಲ್ಲ.

ನನ್ನ ಮೊದಲ ವರ್ಷದ ಪುಸ್ತಕದಲ್ಲಿ ಒಂದು ಬಿಸಿಲಿನ ದಿನ 63 ಮಿ.ಮೀ. ಅಂತ ದಾಖಲಾಗಿದೆ. ನಾಲ್ಕು ದಿನ ಅದರ ಬಗ್ಗೆ ತಲೆ ಕೆಡಿಸಿಕೊಂಡೆ. ಅಮ್ಮ ಕರಿಬೇವಿನ ಗಿಡಕ್ಕೆ ಪೈಪು ಬಿಟ್ಟಿದ್ದರು.

ಹಳ್ಳದ ಹರಿವು

ಸಣ್ಣ ಒರತೆ, ಪೈಪಿನಿಂದ ಬೀಳುವ ನೀರು, ಬದುವಿನ ಸಂದಿನ ಧಾರೆ, ಇವಕ್ಕೆ ಬಕೆಟ್ ಸಾಕು. 10 ಲೀಟರ್ ಬಕೆಟ್ 40 ಸೆಕೆಂಡಿಗೆ ತುಂಬಿದರೆ ಗಂಟೆಗೆ 900 ಲೀಟರ್, ದಿನಕ್ಕೆ 21,600 ಲೀಟರ್. ಬೆರಳು ದಪ್ಪದ ಧಾರೆ ಅಂತ ಅಸಡ್ಡೆ ಮಾಡಿದ್ದ ಒರತೆ ದಿನಕ್ಕೆ ನಾಲ್ಕು ಟ್ಯಾಂಕರ್ ನೀರು ಕೊಡುತ್ತಿದೆ ಅಂತ ಗೊತ್ತಾದಾಗ ಜನರ ಮುಖ ನೋಡಬೇಕು. ಮೂರು ಸಲ ಅಳೆದು ಸರಾಸರಿ ತಗೊಳ್ಳಿ.

ಹಳ್ಳ ದೊಡ್ಡದಿದ್ದರೆ ತೇಲುವ ವಸ್ತು ಬಿಡಬೇಕು. ನಿಂಬೆಹಣ್ಣು ಅಥವಾ ಕಿತ್ತಳೆ ಒಳ್ಳೆಯದು, ಅರ್ಧ ಮುಳುಗಿ ತೇಲುತ್ತದೆ, ಗಾಳಿ ತಳ್ಳುವುದಿಲ್ಲ. ಥರ್ಮೋಕೋಲ್ ಬೇಡ, ಅದು ಗಾಳಿಯ ವೇಗ ಹೇಳುತ್ತದೆ, ಜೊತೆಗೆ ಕಸ. ಹಳ್ಳ ನೆಟ್ಟಗೆ ಹರಿಯುವ 10 ಮೀಟರ್ ಜಾಗ ಹುಡುಕಿ, ಎರಡು ಕಡೆ ಅಡ್ಡ ದಾರ ಕಟ್ಟಿ. ಮೇಲಿನ ದಾರಕ್ಕಿಂತ ಸ್ವಲ್ಪ ಹಿಂದೆ ಹಣ್ಣು ಬಿಡಿ, ದಾರ ದಾಟಿದಾಗ ಸ್ಟಾಪ್‌ವಾಚ್ ಒತ್ತಿ, ಕೆಳಗಿನ ದಾರದಲ್ಲಿ ನಿಲ್ಲಿಸಿ. ಒಮ್ಮೆ ಮಧ್ಯದಲ್ಲಿ, ಒಮ್ಮೊಮ್ಮೆ ಎರಡು ದಡದ ಕಡೆ. 24, 26, 25 ಸೆಕೆಂಡ್ ಬಂತು ಅಂದರೆ ಸರಾಸರಿ 25, ಅಂದರೆ ವೇಗ ಸೆಕೆಂಡಿಗೆ 0.4 ಮೀಟರ್.

ಆದರೆ ಅದು ಮೇಲಿನ ನೀರಿನ ವೇಗ. ತಳದಲ್ಲಿ ಕಲ್ಲು, ಬೇರು ತಡೆಯುವುದರಿಂದ ಅಲ್ಲಿ ನೀರು ನಿಧಾನ. ಕಲ್ಲು ಜಾಸ್ತಿ ಇರುವ ಹಳ್ಳಕ್ಕೆ 0.8ರಿಂದ, ನಯವಾದ ಕಾಲುವೆಗೆ 0.85ರಿಂದ ಗುಣಿಸಿ. ನಮ್ಮದು 0.32 ಆಯಿತು.

ಇನ್ನು ಅಡ್ಡಕೊಯ್ತ. ಹಳ್ಳದ ಅಗಲ 3 ಮೀಟರ್ ಇದ್ದರೆ ಪ್ರತಿ ಅರ್ಧ ಮೀಟರಿಗೆ ಕೋಲು ಇಳಿಸಿ ಆಳ ನೋಡಿ. 12, 20, 24, 18, 10 ಸೆಂ.ಮೀ. ಬಂತು, ದಡದಲ್ಲಿ ಸೊನ್ನೆ. ಕೂಡಿಸಿದರೆ 84 ಸೆಂ.ಮೀ., ಅಂದರೆ 0.84 ಮೀಟರ್. ಅದನ್ನು ಅರ್ಧ ಮೀಟರಿನಿಂದ ಗುಣಿಸಿದರೆ 0.42 ಚದರ ಮೀಟರ್. 0.42 ಗುಣಿಸು 0.32, ಸೆಕೆಂಡಿಗೆ 0.134 ಘನ ಮೀಟರ್, ಅಂದರೆ 134 ಲೀಟರ್. ಮೇಲೆ ಶುರುವಿನಲ್ಲಿ ಹೇಳಿದ ಹಳ್ಳ ಇದೇ. ದಿನಪೂರ್ತಿ ಹೀಗೇ ಹರಿದರೆ 1 ಕೋಟಿ 16 ಲಕ್ಷ ಲೀಟರ್.

ಈ ವಿಧಾನದಲ್ಲಿ ಹತ್ತಿಪ್ಪತ್ತು ಪರ್ಸೆಂಟ್ ಆಚೀಚೆ ಆಗುತ್ತದೆ. ಆಗಲಿ ಬಿಡಿ. ಗೊತ್ತಿಲ್ಲದೇ ಇರುವುದಕ್ಕಿಂತ ನೂರು ಪಾಲು ವಾಸಿ. ಪ್ರತಿ ಸಲ ಅದೇ ಜಾಗ, ಅದೇ ಎರಡು ಮರ ಅಥವಾ ಬಂಡೆಯ ನಡುವೆ ಅಳೆಯಿರಿ, ತಪ್ಪಾದರೂ ಒಂದೇ ರೀತಿಯ ತಪ್ಪಾಗಲಿ. ಸೇತುವೆಯ ಕಂಬಕ್ಕೆ ಪೇಂಟಿನಲ್ಲಿ ಸೆಂ.ಮೀ. ಗೆರೆ ಎಳೆಯಲು ಪಂಚಾಯಿತಿ ಒಪ್ಪಿದರೆ ಇನ್ನೂ ಒಳ್ಳೆಯದು. ಬೇರೆ ಬೇರೆ ಮಟ್ಟದಲ್ಲಿ ಏಳೆಂಟು ಸಲ ಹರಿವು ಅಳೆದಿಟ್ಟುಕೊಂಡರೆ ಆಮೇಲೆ ಗೆರೆ ನೋಡಿಯೇ ಹರಿವು ಹೇಳಬಹುದು. ಪ್ರವಾಹದ ದಿನ ನೀರಿಗಿಳಿಯುವ ಪ್ರಮೇಯವೇ ಬರುವುದಿಲ್ಲ.

ಬೋರ್‌ವೆಲ್ಲಿನ "ಇಂಚು"

ಇದು ನನಗೆ ಬಹಳ ಇಷ್ಟವಾದ ವಿಷಯ. ನಮ್ಮಲ್ಲಿ ಬೋರ್ ಕೊರೆಸಿದವರು "ಎರಡು ಇಂಚು ನೀರು ಬಿತ್ತು" ಅನ್ನುತ್ತಾರೆ, ಬಹಳ ಜನ ಅದನ್ನು ಪೈಪಿನ ದಪ್ಪ ಅಂದುಕೊಂಡಿದ್ದಾರೆ. ಅಲ್ಲ. ರಿಗ್ಗಿನವರು ಹೊರಬರುವ ನೀರನ್ನು ಒಂದು ಕಾಲುವೆಯಲ್ಲಿ ತಿರುಗಿಸಿ, ಇಂಗ್ಲಿಷ್ ವಿ ಅಕ್ಷರದ ಹಾಗೆ ಕತ್ತರಿಸಿದ ತಗಡಿನ ಮೇಲೆ ಹರಿಸುತ್ತಾರೆ. ಆ ಕಚ್ಚಿನ ಮೂಲೆಯಿಂದ ನೀರು ಎಷ್ಟು ಇಂಚು ಎತ್ತರ ನಿಂತಿದೆ ಅನ್ನುವುದೇ ಈ ಇಂಚು.

90 ಡಿಗ್ರಿ ಕಚ್ಚಿಗೆ ಲೆಕ್ಕ ಹೀಗೆ: ಎತ್ತರವನ್ನು ಸೆಂ.ಮೀ.ನಲ್ಲಿ ತಗೊಂಡು, ಅದರ ಎರಡೂವರೆ ಘಾತ ಮಾಡಿ, 0.0138ರಿಂದ ಗುಣಿಸಿದರೆ ಸೆಕೆಂಡಿಗೆ ಇಷ್ಟು ಲೀಟರ್ ಅಂತ ಬರುತ್ತದೆ. ಫೋನಿನ ಕ್ಯಾಲ್ಕ್ಯುಲೇಟರ್ ಅಡ್ಡ ಹಿಡಿದರೆ ಘಾತದ ಗುಂಡಿ ಸಿಗುತ್ತದೆ. ಒಂದು ಇಂಚಿಗೆ ಗಂಟೆಗೆ ಸುಮಾರು 510 ಲೀಟರ್. ಎರಡು ಇಂಚಿಗೆ ಸಾವಿರ ಅಂದುಕೊಂಡಿರಾ? ಸುಮಾರು 2,900. ನಾಲ್ಕು ಇಂಚಿಗೆ 16,000 ದಾಟುತ್ತದೆ. ಅಂದರೆ ಇಂಚು ದುಪ್ಪಟ್ಟಾದರೆ ನೀರು ಐದೂವರೆ ಪಟ್ಟಿಗಿಂತ ಜಾಸ್ತಿ. ಇದರ ಉಲ್ಟಾ ನೋಡಿ: "ಹೋದ ವರ್ಷ ನಾಲ್ಕು ಇಂಚಿತ್ತು, ಈಗ ಎರಡಕ್ಕೆ ಬಂದಿದೆ, ಅರ್ಧ ಆಯ್ತು" ಅಂತ ಹೇಳುವ ರೈತನ ಬೋರಿನಲ್ಲಿ ನಿಜವಾಗಿ ಉಳಿದಿರುವುದು ಆರರಲ್ಲಿ ಒಂದು ಪಾಲು.

ತೆರೆದ ಬಾವಿ ಇದ್ದರೆ ಕೆಲಸ ಇನ್ನೂ ಸುಲಭ. ದಾರಕ್ಕೆ ಒಂದು ಸಣ್ಣ ಲೋಟವನ್ನು ಬೋರಲಾಗಿ ಕಟ್ಟಿ ಇಳಿಸಿ, ನೀರು ಮುಟ್ಟಿದಾಗ ಪ್ಲಪ್ ಅನ್ನುತ್ತದೆ. ಅಲ್ಲಿಗೆ ಹಿಡಿದು ಟೇಪಿನಲ್ಲಿ ಅಳೆಯಿರಿ. ಕಟ್ಟೆಯ ಎತ್ತರ ಕಳೆದು, ನೆಲದಿಂದ ಎಷ್ಟು ಮೀಟರ್ ಕೆಳಗೆ ಅಂತ ಬರೆಯಿರಿ. ಮೋಟರ್ ಓಡುವಾಗ ಅಥವಾ ಓಡಿ ನಿಂತ ತಕ್ಷಣ ಅಳೆಯಬೇಡಿ. ಕೇಂದ್ರ ಅಂತರ್ಜಲ ಮಂಡಳಿ ತನ್ನ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತದೆ. ನೀವು ತಿಂಗಳಿಗೊಮ್ಮೆ ಅಳೆದರೂ ಅವರಿಗಿಂತ ಮೂರು ಪಟ್ಟು ಆಯಿತು.

ಕೆರೆಯ ಜಮಾ ಖರ್ಚು

ತೂಬಿನ ಕಲ್ಲಿನ ಮೇಲೆ ಒಂದು ಗುರುತು ಮಾಡಿಕೊಂಡು, ಅಲ್ಲಿಂದ ನೀರಿನ ಮಟ್ಟ ಎಷ್ಟು ಕೆಳಗಿದೆ ಅಂತ ದಿನಾ ಬರೆಯಿರಿ. ಮಳೆ ಇಲ್ಲದ, ಕೆರೆಗೆ ನೀರು ಬರದ, ತೂಬು ಮುಚ್ಚಿರುವ, ಯಾರೂ ಪಂಪು ಹಚ್ಚದ ಒಂದು ವಾರ ಸಿಗಬೇಕು. ಆ ವಾರ ಮಟ್ಟ ದಿನಕ್ಕೆ 9 ಮಿ.ಮೀ. ಇಳಿದರೆ ಅದರಲ್ಲಿ ಸ್ವಲ್ಪ ಆವಿ, ಮಿಕ್ಕಿದ್ದು ಇಂಗಿದ್ದು. ಆವಿ ಎಷ್ಟು ಅಂತ ತಿಳಿಯಲು ಏರಿಯ ಹತ್ತಿರ ಬಯಲಿನಲ್ಲಿ ಅಗಲವಾದ ಒಂದು ಟಬ್ಬಿನಲ್ಲಿ ನೀರಿಟ್ಟು, ಮೇಲೆ ಜಾಲರಿ ಮುಚ್ಚಿ (ನಾಯಿ, ಕಾಗೆ ಕುಡಿಯದ ಹಾಗೆ) ಎಷ್ಟು ಇಳಿಯಿತು ನೋಡಿ. ಟಬ್ಬು ಕೆರೆಗಿಂತ ಬೇಗ ಬಿಸಿಯಾಗುತ್ತದೆ, ಹಾಗಾಗಿ ಬಂದ ಅಂಕಿಯನ್ನು 0.7ರಿಂದ ಗುಣಿಸಿ. ಟಬ್ಬಿನಲ್ಲಿ 7 ಇಳಿದಿದ್ದರೆ ಕೆರೆಯ ಆವಿ ಸುಮಾರು 5, ಇಂಗಿದ್ದು 4.

10 ಹೆಕ್ಟೇರ್ ಹರಡಿರುವ ಕೆರೆಯಲ್ಲಿ 5 ಮಿ.ಮೀ. ಆವಿ ಅಂದರೆ ದಿನಕ್ಕೆ 5 ಲಕ್ಷ ಲೀಟರ್, 5,000 ಲೀಟರಿನ ನೂರು ಟ್ಯಾಂಕರ್. ಆಳವಿಲ್ಲದೆ ಅಗಲವಾಗಿ ಹರಡಿದ ಹೂಳು ತುಂಬಿದ ಕೆರೆ ಏಕೆ ಬೇಗ ಬತ್ತುತ್ತದೆ ಅನ್ನುವುದು ಇಲ್ಲೇ ಗೊತ್ತಾಗುತ್ತದೆ.

ಈಗ ಬಾಟಲಿ ತಗೊಳ್ಳಿ

ನೀರಿನ ಗುಣ ನೋಡುವ ಕೆಲಸದಲ್ಲಿ ಅರ್ಧ ತಪ್ಪು ಬಾಟಲಿ ತುಂಬುವಾಗಲೇ ಆಗುತ್ತದೆ. ಹರಿಯುವ ನೀರಾದರೆ ನೀರು ಬರುವ ಕಡೆ ಮುಖ ಮಾಡಿ ನಿಲ್ಲಿ, ನಿಮ್ಮ ಕಾಲಿನಿಂದೆದ್ದ ಕೆಸರು ಹಿಂದೆ ಹೋಗುತ್ತದೆ. ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಜಾಲಿಸಿ, ಒಂದು ಗೇಣು ಕೆಳಗೆ ಮುಳುಗಿಸಿ ತುಂಬಿ. ಮೇಲಿನ ಕೆನೆ ಬೇಡ, ತಳದ ಹೂಳೂ ಬೇಡ. ಬ್ಯಾಕ್ಟೀರಿಯಾ ಪರೀಕ್ಷೆಯ ಬಾಟಲಿ ಮಾತ್ರ ಜಾಲಿಸಬಾರದು, ಅದು ಸ್ಟೆರೈಲ್ ಆಗಿ ಬಂದಿರುತ್ತದೆ, ಮುಚ್ಚಳದ ಒಳಗೂ ಬೆರಳು ತಾಗಬಾರದು. ಅದನ್ನು ಐಸ್ ಡಬ್ಬಿಯಲ್ಲಿಟ್ಟು ಆದಷ್ಟು ಆರು ಗಂಟೆಯೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸಿ. ಹೆಸರು ಬರೆದ ಚೀಟಿಯನ್ನು ತುಂಬುವ ಮೊದಲೇ ಅಂಟಿಸಿ, ಒದ್ದೆ ಬಾಟಲಿಗೆ ಏನೂ ಅಂಟುವುದಿಲ್ಲ.

ಸ್ಥಳದಲ್ಲೇ ನೋಡಬೇಕಾದವು ಕೆಲವಿವೆ: ಉಷ್ಣತೆ, ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ), ವಿದ್ಯುತ್ ವಾಹಕತೆ, ಕರಗಿದ ಆಮ್ಲಜನಕ. ಇವನ್ನು ಮನೆಗೆ ತಂದು ನೋಡಿದರೆ ಬೇರೆಯೇ ಆಗಿರುತ್ತವೆ. ಪಿಎಚ್ ಪೆನ್ನನ್ನು ಪ್ರತಿ ಸಲ ಹೊರಡುವ ಮೊದಲು ಜೊತೆಗೆ ಬಂದ ಪುಡಿಯ ದ್ರಾವಣದಲ್ಲಿ (6.86 ಮತ್ತು 4) ಸರಿಮಾಡಿಕೊಳ್ಳಿ. ವಾಹಕತೆಗೆ 1413 ಅಂತ ಬರೆದಿರುವ ದ್ರಾವಣ ಸಿಗುತ್ತದೆ. ನಿಮ್ಮ ಟಿಡಿಎಸ್ ಮೀಟರ್ ನಿಜವಾಗಿ ಅಳೆಯುವುದೂ ವಾಹಕತೆಯನ್ನೇ. ಅದನ್ನು 0.5 ಅಥವಾ 0.64ರಂಥ ಒಂದು ಸಂಖ್ಯೆಯಿಂದ ಗುಣಿಸಿ ಟಿಡಿಎಸ್ ಅಂತ ತೋರಿಸುತ್ತದೆ, ಅಷ್ಟೇ. ಇಬ್ಬರ ಮೀಟರ್ ಒಂದೇ ನೀರಿಗೆ ಬೇರೆ ಬೇರೆ ಟಿಡಿಎಸ್ ತೋರಿಸಿದರೆ ಜಗಳ ಆಡುವ ಮೊದಲು ಇದನ್ನು ನೋಡಿ. ಸಾಧ್ಯವಾದರೆ ವಾಹಕತೆಯನ್ನೇ ಬರೆದುಕೊಳ್ಳಿ.

ಈ ಮೀಟರ್ ಎಲ್ಲಿ ಉಪಯೋಗಕ್ಕೆ ಬರುತ್ತದೆ ಅಂದರೆ, ಹಳ್ಳದ ಉದ್ದಕ್ಕೂ ಪ್ರತಿ 200 ಮೀಟರಿಗೆ ಅದ್ದುತ್ತಾ ಹೋಗಲು. 310, 315, 312, ಆಮೇಲೆ ಇದ್ದಕ್ಕಿದ್ದಂತೆ 480. ಅಲ್ಲಿ ನಿಂತು ಪೊದೆ ಸರಿಸಿದರೆ ಒಂದು ಪೈಪು ಸಿಗುತ್ತದೆ. ಅದು ಹೇಳದೇ ಇರುವುದು ಇನ್ನೂ ಬಹಳ ಇದೆ. ಟಿಡಿಎಸ್ 400 ಇರುವ ನೀರಿನಲ್ಲಿ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಲೀಟರಿಗೆ 2 ಮಿ.ಗ್ರಾಂ. ಇರಬಹುದು, ಕುಡಿದವರಿಗೆ ಭೇದಿ ಹಿಡಿಸುವಷ್ಟು ಬ್ಯಾಕ್ಟೀರಿಯಾ ಇರಬಹುದು, ಮೀಟರಿಗೆ ಎರಡೂ ಕಾಣುವುದಿಲ್ಲ.

ಆಮ್ಲಜನಕಕ್ಕೆ ಮೀಟರ್ ದುಬಾರಿ, ಕಿಟ್ ಅಗ್ಗ. ಗುಳ್ಳೆ ಇಲ್ಲದ ಹಾಗೆ ಬಾಟಲಿ ತುಂಬಿ, ಮ್ಯಾಂಗನೀಸ್ ದ್ರಾವಣ ಮತ್ತು ಕ್ಷಾರದ ದ್ರಾವಣ ಹನಿ ಹನಿ ಹಾಕಿದರೆ ಕಂದು ಬಣ್ಣದ ಗಸಿ ಬರುತ್ತದೆ, ಮುಂದಿನ ಹಂತ ಕಿಟ್ಟಿನ ಚೀಟಿಯಲ್ಲಿರುತ್ತದೆ. ಗಸಿ ಕಂದಾಗದೆ ಹಾಲಿನ ಹಾಗೆ ಬೆಳ್ಳಗೇ ಉಳಿದರೆ ಆ ನೀರಿನಲ್ಲಿ ಆಮ್ಲಜನಕವೇ ಇಲ್ಲ, ಮುಂದಿನ ಹಂತ ಬೇಕಾಗಿಲ್ಲ. ಮಕ್ಕಳು ಇದನ್ನು ಮರೆಯುವುದಿಲ್ಲ. (ಆ ದ್ರಾವಣಗಳು ಚರ್ಮ ಸುಡುತ್ತವೆ, ಹನಿ ಹಾಕುವ ಕೆಲಸ ದೊಡ್ಡವರದ್ದು.) ಸಮುದ್ರ ಮಟ್ಟದಲ್ಲಿ 25 ಡಿಗ್ರಿ ನೀರು ಲೀಟರಿಗೆ ಸುಮಾರು 8.3 ಮಿ.ಗ್ರಾಂ. ಆಮ್ಲಜನಕ ಹಿಡಿಯುತ್ತದೆ, ಬೆಂಗಳೂರು, ತುಮಕೂರಿನ ಎತ್ತರದಲ್ಲಿ ಇನ್ನೂ ಶೇ. 10ರಷ್ಟು ಕಡಿಮೆ. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ 5 ಇರಬೇಕು ಅನ್ನುವುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕ, ಮೀನು ಸಾಕಲು 4.

ಪಾಚಿ ತುಂಬಿದ ಹಸಿರು ಕೆರೆಯಲ್ಲಿ ಮಧ್ಯಾಹ್ನ 3ಕ್ಕೆ ನೋಡಿದರೆ 12 ಕೂಡ ಬರಬಹುದು, "ಆಹಾ, ಎಷ್ಟು ಚೆನ್ನಾಗಿದೆ" ಅನಿಸುತ್ತದೆ. ಅದು ಬಿಸಿಲಿಗೆ ಪಾಚಿ ಬಿಡುತ್ತಿರುವ ಆಮ್ಲಜನಕ. ಅದೇ ಕೆರೆಗೆ ಬೆಳಗಿನ ಜಾವ 5.30ಕ್ಕೆ ಹೋಗಿ, 1ಕ್ಕೆ ಬಂದಿರುತ್ತದೆ. ರಾತ್ರಿಯೆಲ್ಲ ಪಾಚಿಯೂ ಉಸಿರಾಡುತ್ತದಲ್ವಾ. ಮೀನು ಸತ್ತು ತೇಲುವುದು ಬೆಳಿಗ್ಗೆ ಕಾಣುವುದೂ ಇದರಿಂದಲೇ. ಪಿಎಚ್ ಕೂಡ ಮಧ್ಯಾಹ್ನ 9 ದಾಟಿ, ಬೆಳಿಗ್ಗೆ ಇಳಿದಿರುತ್ತದೆ. ಆದ್ದರಿಂದ ಗಂಟೆ ಬರೆಯದ ಅಂಕಿಗೆ ಬೆಲೆ ಇಲ್ಲ.

ನೀರು ಎಷ್ಟು ತಿಳಿಯಾಗಿದೆ ಅಂತ ನೋಡಲು 20 ಸೆಂ.ಮೀ. ಅಗಲದ ತಟ್ಟೆಗೆ ಕಪ್ಪು ಬಿಳುಪು ನಾಲ್ಕು ಭಾಗ ಬಳಿದು, ಮಧ್ಯೆ ದಾರ ಕಟ್ಟಿ, ನೆರಳಿನ ಕಡೆ ಇಳಿಸಿ. ಮರೆಯಾದ ಆಳ ಬರೆಯಿರಿ. 1865ರಲ್ಲಿ ಆಂಜೆಲೊ ಸೆಕ್ಕಿ ಅನ್ನುವ ಇಟಲಿಯ ಪಾದ್ರಿ ಸಮುದ್ರದಲ್ಲಿ ಬಿಳಿ ತಟ್ಟೆ ಇಳಿಸಿ ಮಾಡಿದ್ದೂ ಇದನ್ನೇ, ಇವತ್ತಿಗೂ ಇದಕ್ಕಿಂತ ಅಗ್ಗದ್ದು ಬಂದಿಲ್ಲ.

ಹಳ್ಳದ ಕಲ್ಲುಗಳನ್ನೂ ಮೆಲ್ಲಗೆ ಮಗುಚಿ ನೋಡಿ. ಕಲ್ಲಿನ ಕೆಳಗೆ ಮೂರು ಬಾಲದ ಚಪ್ಪಟೆ ಮರಿಹುಳು (ಮೇಫ್ಲೈ), ಮರಳಿನ ಕಣ ಅಂಟಿಸಿಕೊಂಡು ಸಣ್ಣ ಗೂಡು ಕಟ್ಟಿದ ಹುಳು (ಕ್ಯಾಡಿಸ್) ಇದ್ದರೆ ತಿಂಗಳುಗಟ್ಟಲೆ ಅಲ್ಲಿ ಒಳ್ಳೆಯ ನೀರು ಹರಿದಿದೆ. ಬರೀ ರಕ್ತಗೆಂಪಿನ ಹುಳುಗಳಿದ್ದರೆ ಆಮ್ಲಜನಕ ಕಡಿಮೆ. ಮೀಟರ್ ಆ ಗಳಿಗೆಯ ಸಂಗತಿ ಹೇಳುತ್ತದೆ, ಹುಳು ಹಳೆಯದನ್ನೂ ಹೇಳುತ್ತದೆ. ನೋಡಿದ ಮೇಲೆ ಕಲ್ಲನ್ನು ಇದ್ದ ಹಾಗೇ ಇಡಿ.

ಕುಡಿಯುವ ನೀರಿನ ವಿಷಯ ಬೇರೆ

ಕೆರೆಗೆ ಕುಡಿಯುವ ನೀರಿನ ಮಾನದಂಡ ಹಚ್ಚಿ "ಫೇಲ್" ಅನ್ನಬೇಡಿ, ಬೋರ್‌ವೆಲ್ಲಿಗೆ ಕೆರೆಯ ಮಾನದಂಡ ಹಚ್ಚಿ "ಪಾಸ್" ಅನ್ನಬೇಡಿ. ಕುಡಿಯುವ ನೀರಿಗೆ ಭಾರತೀಯ ಮಾನಕ 10500 ಇದೆ. ಅದರ ಪ್ರಕಾರ ಪಿಎಚ್ 6.5ರಿಂದ 8.5. ಟಿಡಿಎಸ್ 500, ಬೇರೆ ನೀರೇ ಇಲ್ಲದಿದ್ದರೆ 2000ದವರೆಗೆ. ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ., ಗತಿಯಿಲ್ಲದಿದ್ದರೆ 1.5. ನೈಟ್ರೇಟ್ 45, ಇದಕ್ಕೆ ರಿಯಾಯಿತಿ ಇಲ್ಲ. 100 ಮಿ.ಲೀ. ನೀರಿನಲ್ಲಿ ಇ. ಕೋಲಿ (ಮಲದಲ್ಲಿರುವ ಬ್ಯಾಕ್ಟೀರಿಯಾ) ಒಂದೂ ಕಾಣಬಾರದು.

ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗ, ಕೊಪ್ಪಳ, ರಾಯಚೂರು ಕಡೆಯವರು ಬೇರೆಲ್ಲ ಬಿಟ್ಟು ಮೊದಲು ಫ್ಲೋರೈಡ್ ನೋಡಿ. ಬಂಡೆಯಿಂದಲೇ ಬರುವ ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಕುದಿಸಿದರೆ ಹೋಗುವುದೂ ಇಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಜಲ ಜೀವನ್ ಮಿಷನ್ ಬಂದ ಮೇಲೆ ಊರಿನ ಐದು ಜನ ಹೆಂಗಸರಿಗೆ ಕ್ಷೇತ್ರ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡುವ ವ್ಯವಸ್ಥೆ ಇದೆ. ಪಂಚಾಯಿತಿಯಲ್ಲಿ "ಕಿಟ್ ಎಲ್ಲಿದೆ, ಯಾವ ಅಕ್ಕ ಮಾಡ್ತಾರೆ" ಅಂತ ಕೇಳಿ. ಬೀರುವಿನಲ್ಲಿ ಸೀಲ್ ಒಡೆಯದೆ ಕೂತಿದ್ದರೆ ದಿನಾಂಕ ನೋಡಿ, ಅವಧಿ ಮುಗಿದ ದ್ರಾವಣ ತಪ್ಪು ಬಣ್ಣ ತೋರಿಸುತ್ತದೆ. ಕಿಟ್ಟಿನಲ್ಲಿ ಅನುಮಾನ ಬಂದ ನೀರನ್ನು ಜಿಲ್ಲಾ ಮಟ್ಟದ ಪ್ರಯೋಗಾಲಯಕ್ಕೆ ಕಳಿಸಿ.

ಬ್ಯಾಕ್ಟೀರಿಯಾಕ್ಕೆ ಹೈಡ್ರೋಜನ್ ಸಲ್ಫೈಡ್ ಬಾಟಲಿ ಸಿಗುತ್ತದೆ. 1982ರಲ್ಲಿ ಭಾರತದ ವಿಜ್ಞಾನಿಗಳೇ ರೂಪಿಸಿದ ಪರೀಕ್ಷೆ ಇದು. ಗೆರೆಯವರೆಗೆ ನೀರು ತುಂಬಿ, ಒಲೆಯ ಹತ್ತಿರದಂಥ ಬೆಚ್ಚನೆಯ ಜಾಗದಲ್ಲಿ 24ರಿಂದ 48 ಗಂಟೆ ಇಡಿ, ಕಪ್ಪಾದರೆ ಮಲದ ಕಲ್ಮಶ ಸೇರಿರುವ ಸಂಭವ ಜಾಸ್ತಿ. ಕಪ್ಪಾದ ಬಾಟಲಿಯನ್ನು ಹಾಗೇ ಚರಂಡಿಗೆ ಸುರಿಯಬೇಡಿ, ಅದರಲ್ಲಿ ನೀವೇ ಬ್ಯಾಕ್ಟೀರಿಯಾ ಬೆಳೆಸಿದ್ದೀರಿ. ಬ್ಲೀಚಿಂಗ್ ಪುಡಿ ಹಾಕಿ ಒಂದು ಗಂಟೆ ಬಿಟ್ಟು ಎಸೆಯಿರಿ. ಪಕ್ಕದ ಮನೆಯವರ ಬಾವಿಯ ಬಾಟಲಿ ಕಪ್ಪಾದರೆ ಅದನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕುವ ಮೊದಲು ಅವರಿಗೆ ಹೇಳಿ, ಇನ್ನೊಂದು ಸಲ ಪರೀಕ್ಷಿಸಿ. ನಾನು ಈ ತಪ್ಪು ಮಾಡಿ ಒಂದು ವರ್ಷ ಒಬ್ಬರ ಮನೆಯ ಕಾಫಿ ಕಳೆದುಕೊಂಡಿದ್ದೇನೆ.

ನೋಟ್‌ಬುಕ್

ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನಿನ ಶಾಯಿ ನೆನೆದರೆ ಹರಡುತ್ತದೆ. ಪ್ರತಿ ಸಲ ಇಷ್ಟು ಇರಲಿ: ದಿನಾಂಕ, ಗಂಟೆ, ಜಾಗ, ಕೊನೆಯ ಮಳೆ ಎಂದು ಎಷ್ಟು, ಹರಿವು ಅಥವಾ ಮಟ್ಟ, ಆಮೇಲೆ ಗುಣದ ಅಂಕಿಗಳು, ನೀರಿನ ಬಣ್ಣ, ವಾಸನೆ, ಯಾರು ಅಳೆದರು. ಒಂದೇ ಬಂಡೆಯ ಮೇಲೆ ನಿಂತು ಒಂದು ಫೋಟೋ. ಅನುಮಾನ ಬಂದ ಅಂಕಿಯನ್ನು ಅಳಿಸಬೇಡಿ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ. ನನ್ನ 63 ಮಿ.ಮೀ. ಇನ್ನೂ ಅಲ್ಲೇ ಇದೆ, ಪಕ್ಕದಲ್ಲಿ "ಕರಿಬೇವು" ಅಂತ ಬರೆದಿದ್ದೇನೆ.

ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತು. ಮೊದಲ ತಿಂಗಳು ಏನೂ ಅರ್ಥವಾಗುವುದಿಲ್ಲ. ಮೂರನೇ ತಿಂಗಳಿಗೆ ಮಳೆ ಬಿದ್ದ ಎಷ್ಟು ಹೊತ್ತಿಗೆ ಹಳ್ಳ ಏರುತ್ತದೆ, ಎಷ್ಟು ದಿನಕ್ಕೆ ಬಾವಿ ಏರುತ್ತದೆ ಅನ್ನುವುದು ಕಾಣತೊಡಗುತ್ತದೆ. ಬೇಸಿಗೆ ಬಂದು ಹಳ್ಳ ಒಣಗಿದಾಗ ಮಾತ್ರ ಬಹಳ ಜನ ಹೋಗುವುದನ್ನೇ ನಿಲ್ಲಿಸಿ ಪುಟ ಖಾಲಿ ಬಿಡುತ್ತಾರೆ. ಆಮೇಲೆ ನೋಡಿದವರಿಗೆ ನೀರಿರಲಿಲ್ಲವೋ, ನೀವು ಹೋಗಿರಲಿಲ್ಲವೋ ತಿಳಿಯುವುದಿಲ್ಲ. ಹೋಗಿ, ಒಣಗಿದ ಕಲ್ಲುಗಳ ಒಂದು ಫೋಟೋ ತೆಗೆದು, ಹರಿವಿನ ಕಾಲಮ್ಮಿನಲ್ಲಿ 0 ಅಂತ ಬರೆದು ಬನ್ನಿ.